ಕಿವಿಗೆ ಬೇಡದ ಸದ್ದು

ಜನವರಿ 6

ಸೊಸೆಗೆ,

ನಾನು ಚೆನ್ನಾಗಿದ್ದೇನೆ, ಎಡ ಮೊಣಕಾಲೊಂದನ್ನು ಬಿಟ್ಟು. ನೀವಿಬ್ಬರೂ ಚೆನ್ನಾಗಿರುವಿರೆಂದು ಭಾವಿಸಿ ನೇರ ವಿಷಯಕ್ಕೆ ಬರುತ್ತೇನೆ.

ಈ ಪತ್ರದ ಜೊತೆ ಒಂದು ಹಾರ್ಡ್ ಡಿಸ್ಕ್ ಬರುತ್ತಿದೆ. ಟವೆಲ್ಲುಗಳಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಟವೆಲ್ಲುಗಳು ವಾಪಸ್ ಬರಬೇಕು. ಡಿಸ್ಕಿನಲ್ಲಿರುವುದು 'ಲಿಫ್ಟ್: ಹತ್ತುವ ಮುನ್ನ' ಎಂಬ ನನ್ನ ಪಾಠಮಾಲೆ. ಜೀವಮಾನವಿಡೀ ಲಿಫ್ಟುಗಳ ತಪಾಸಣೆ ಮಾಡಿದವಳು ನಿವೃತ್ತಿಯಾದೆನೆಂದು ಬಾಯಿ ಮುಚ್ಚಿ ಕೂರಲು ಆಗುತ್ತದೆಯೇ? ಹಗ್ಗ, ಬ್ರೇಕು, ರಾಟೆ, ಬಾಗಿಲು, ಒಂದೊಂದಕ್ಕೂ ಒಂದೊಂದು ಪಾಠ. ಒಳ್ಳೆಯ ಮೈಕು ಕೊಂಡು, ಬಟ್ಟೆಯ ಬೀರುವಿನೊಳಗೆ ತಲೆಯಿಟ್ಟು ಎಲ್ಲವನ್ನೂ ರೆಕಾರ್ಡ್ ಮಾಡಿದ್ದೇನೆ. ಸೀರೆಗಳ ನಡುವೆ ಪ್ರತಿಧ್ವನಿ ಹುಟ್ಟುವುದಿಲ್ಲ. ಉಸಿರು ಕಟ್ಟುತ್ತದೆ, ಅದು ಬೇರೆ ಮಾತು.

ನೀನು ಧ್ವನಿಪುಸ್ತಕದ ಸ್ಟುಡಿಯೋದಲ್ಲಿ ಇದೇ ಕೆಲಸ ಮಾಡುವುದೆಂದು ನಿನ್ನ ಗಂಡ ಹೇಳಿದ. ಜನ ಫೋನಿನಲ್ಲಿ ಕೇಳುವ ಹಾಗೆ ಇದನ್ನು ಇಂಟರ್ನೆಟ್ಟಿಗೆ ಹಾಕಿಕೊಡು. ಏನನ್ನೂ ಕತ್ತರಿಸಕೂಡದು. ಮೂರನೇ ಪಾಠವನ್ನಂತೂ ಹೂವಿನ ಹಾಗೆ ಮುಟ್ಟು. ಅದರಲ್ಲಿ 'ಈಗ ಕೇಳಿ' ಎಂದು ಹೇಳಿ ಒಂದು ಸದ್ದನ್ನು ಕೇಳಿಸಿದ್ದೇನೆ. ರಾಟೆಯ ಬೇರಿಂಗ್ ಒಣಗಿ ಸಾಯುವ ಮುಂಚೆ ಮಾಡುವ ಸದ್ದು ಅದು. ಇಡೀ ಪಾಠಮಾಲೆಯ ಜೀವ ಅಲ್ಲಿದೆ.

ಫೋನ್ ಮಾಡಿ ಹೇಳಬಹುದಿತ್ತಲ್ಲ ಎನ್ನುವೆಯೇನೋ. ಫೋನಿನಲ್ಲಿ ಎಲ್ಲರೂ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಮೇಲಾಗಿ ನೀನು ಎಲ್ಲದಕ್ಕೂ 'ಹಾಂ ಅತ್ತೆ' ಎನ್ನುತ್ತೀಯ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗದು.

ಅತ್ತೆ


ಜನವರಿ 19

ಅತ್ತೆಯವರಿಗೆ ನಮಸ್ಕಾರ.

ಡಬ್ಬಿ ತಲುಪಿತು. ಟವೆಲ್ಲುಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸಿದ್ದೇನೆ. ನಿಮ್ಮ ಮಗ ಬಿಸ್ಕತ್ತು ಬಂತೆಂದು ಓಡಿ ಬಂದರು. ಒಳಗೆ ಲಿಫ್ಟ್ ಇದೆ ಎಂದು ತಿಳಿದು ತಮ್ಮ ಕನ್ನಡಕದ ಅಂಗಡಿಗೆ ಅರ್ಧ ಗಂಟೆ ಮೊದಲೇ ಹೊರಟುಹೋದರು.

ನಿಮ್ಮ ರೆಕಾರ್ಡಿಂಗ್ ತುಂಬ ಒಳ್ಳೆಯ ಗುಣಮಟ್ಟದ್ದು. ತೊಂದರೆ ಇರುವುದೂ ಅಲ್ಲೇ. ಮೈಕಿಗೆ ಬಿದ್ದದ್ದನ್ನೆಲ್ಲ ಒಂದು ಚೂರೂ ಬಿಡದೆ ಇಟ್ಟುಕೊಂಡಿರುವ ಫೈಲುಗಳು ಇವು. ಒಂದೊಂದೂ ಆನೆ ಗಾತ್ರ. ಬಸ್ಸಿನಲ್ಲಿ ನೇತಾಡಿಕೊಂಡು ಫೋನಿನಲ್ಲಿ ಕೇಳುವವರ ತನಕ ಆನೆ ನಡೆದು ಹೋಗುವುದು ಕಷ್ಟ. ಆದ್ದರಿಂದ ಇವನ್ನು ಹಿಂಡಿ ಚಿಕ್ಕದು ಮಾಡಬೇಕು. ಹಿಂಡುವುದೆಂದರೆ ಕತ್ತರಿಸುವುದಲ್ಲ, ದಯವಿಟ್ಟು ಗಾಬರಿಯಾಗಬೇಡಿ. ನಿಮ್ಮ ಒಂದು ಮಾತೂ ಹೋಗುವುದಿಲ್ಲ. ಕಿವಿಗೆ ಬೇಡದ ಸದ್ದನ್ನು ಮಾತ್ರ ಸಾಫ್ಟ್‌ವೇರ್ ತಾನೇ ಆರಿಸಿ ತೆಗೆಯುತ್ತದೆ. ಎಲ್ಲ ಧ್ವನಿಪುಸ್ತಕಗಳಿಗೂ ನಾವು ಮಾಡುವುದು ಇದನ್ನೇ. ಇವತ್ತಿನವರೆಗೆ ಯಾವ ಲೇಖಕರೂ ದೂರಿಲ್ಲ.

ಕೆಲಸ ಶುರು ಮಾಡಿದ್ದೇನೆ. ಮೊಣಕಾಲನ್ನು ನೋಡಿಕೊಳ್ಳಿ.

ನಿಮ್ಮ ಸೊಸೆ


ಜನವರಿ 27

ಸೊಸೆಗೆ,

ಟವೆಲ್ಲುಗಳು ಬಂದವು. ನಾನು ಕಳಿಸಿದ್ದಕ್ಕಿಂತ ಬೆಳ್ಳಗಿವೆ. ಇದನ್ನು ಹೊಗಳಿಕೆ ಎಂದುಕೋ, ಆಕ್ಷೇಪಣೆ ಎಂದುಕೋ, ನಿನ್ನಿಷ್ಟ.

ಕಿವಿಗೆ ಬೇಡದ ಸದ್ದು ಎಂದು ಬರೆದಿದ್ದೀಯ. ಯಾರ ಕಿವಿಗೆ? ಯಾರು ಕೇಳಿ ನೋಡಿ ತೀರ್ಮಾನ ಮಾಡಿದರು? ಲೇಖಕರು ದೂರಲಿಲ್ಲವಂತೆ. ಲೇಖಕರಿಗೇನು, ಅವರ ಪುಸ್ತಕದ ಹಗ್ಗ ಕಡಿದರೆ ಯಾರೂ ಕೆಳಗೆ ಬೀಳುವುದಿಲ್ಲ.

ಚಿಕ್ಕದು ಮಾಡದೆ ವಿಧಿಯಿಲ್ಲ ಎಂದರೆ ಮಾಡು. ಆದರೆ ಮೂರನೇ ಪಾಠದ ಸದ್ದು ಹೊಸ ಫೈಲಿನಲ್ಲಿ ಸರಿಯಾಗಿ ಕೇಳಿಸುತ್ತದೆಯೇ ಎಂದು ಒಂದೇ ಮಾತಿನಲ್ಲಿ ಉತ್ತರ ಬರೆ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಅತ್ತೆ


ಫೆಬ್ರವರಿ 15

ಅತ್ತೆಯವರಿಗೆ ನಮಸ್ಕಾರ.

ಕೇಳಿಸುತ್ತದೆ. ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ.

ಪಾಠಗಳನ್ನೆಲ್ಲ ಹಾಕಿ ಆಯಿತು. ಒಂದು ಜಾಲತಾಣದಲ್ಲಿ ನಮಗೆ ಸಿಕ್ಕ ಉಚಿತ ಜಾಗದಲ್ಲಿ ಹಿಡಿಸಬೇಕಿತ್ತಾದ್ದರಿಂದ ಸ್ವಲ್ಪ ಜೋರಾಗಿಯೇ ಹಿಂಡಿದ್ದೇನೆ. ನಿಮ್ಮ ದನಿ ಮೊದಲಿಗಿಂತ ಮೃದುವಾಗಿದೆ, ಉಣ್ಣೆಯ ಶಾಲು ಹೊದ್ದ ಹಾಗೆ. ಜನರಿಗೆ ಅದು ಬಹಳ ಹಿಡಿಸಿದೆ. ಹತ್ತಿಪ್ಪತ್ತು ಜನ ಕೇಳಿದರೆ ಹೆಚ್ಚೆಂದುಕೊಂಡಿದ್ದೆ. ಸಾವಿರ ದಾಟಿದೆ! ಮುಕ್ಕಾಲು ಪಾಲು ಜನ ಪಾಠವನ್ನು ಕೊನೆಯವರೆಗೂ ನಿಲ್ಲಿಸಿಲ್ಲ. ಕೆಲವು ಅಭಿಪ್ರಾಯಗಳನ್ನು ಬರೆದು ಕಳಿಸುತ್ತಿದ್ದೇನೆ.

ಒಬ್ಬ ಬಸ್ ಚಾಲಕರು: 'ಈ ಅಮ್ಮನ ಪಾಠವಿಲ್ಲದೆ ನಮಗೆ ರಾತ್ರಿ ಕಳೆಯೋದೇ ಇಲ್ಲ.'

ಅವಳಿ ಮಕ್ಕಳ ತಾಯಿ: 'ಇವರ ದನಿ ಶುರುವಾದರೆ ಸಾಕು, ನಮ್ಮ ಮಕ್ಕಳು ಪಿಟ್ಟೆನ್ನಲ್ಲ.'

ಹೆಸರು ಹಾಕದವರೊಬ್ಬರು: 'ಡಾಕ್ಟರು ಕೊಟ್ಟಿದ್ದಕ್ಕಿಂತ ಇದೇ ವಾಸಿ.'

ನಿಮ್ಮ ಮಗನಂತೂ ಒಂದು ದಿನವೂ ತಪ್ಪಿಸುವುದಿಲ್ಲ. ಮಲಗುವ ಮುಂಚೆ ಅವರಿಗೆ ನಿಮ್ಮ ಪಾಠ ಬೇಕೇ ಬೇಕು.

ನಿಮ್ಮ ಸೊಸೆ


ಮಾರ್ಚ್ 3

ಸೊಸೆಗೆ,

ನಿನ್ನ ಪತ್ರವನ್ನು ಪಕ್ಕದ ಮನೆಯವರಿಗೆ ಓದಿ ಹೇಳಿದೆ. ಅವರಿಗೆ ಲಿಫ್ಟಿನಲ್ಲಿ ಆಸಕ್ತಿಯಿಲ್ಲ, ಆದರೂ ಎರಡು ಸಲ ಓದಿದೆ.

ಎಲ್ಲರೂ ರಾತ್ರಿಯೇ ಕೇಳುತ್ತಿದ್ದಾರೆ ಎಂಬುದನ್ನು ಗಮನಿಸಿದೆ. ರಾತ್ರಿ ಪಾಳಿಯವರು ಇರಬೇಕು. ಪಾಪ, ಹಗಲೆಲ್ಲ ದುಡಿದು ರಾತ್ರಿ ಓದುವ ಜನವೂ ಇದ್ದಾರೆ. ಲಿಫ್ಟಿನ ವಿಷಯದಲ್ಲಿ ವೈದ್ಯರಿಗಿಂತ ನಾನು ವಾಸಿ ಎಂದವರು ಸರಿಯಾಗಿಯೇ ಹೇಳಿದ್ದಾರೆ. ವೈದ್ಯರಿಗೆ ಲಿಫ್ಟ್ ಬಗ್ಗೆ ಏನು ಗೊತ್ತು? ಇನ್ನು ನನ್ನ ಮಗ! ಚಿಕ್ಕವನಿದ್ದಾಗ ಎರಡು ನಿಮಿಷ ನನ್ನ ಮಾತು ಕೇಳಿಸಿಕೊಂಡವನಲ್ಲ. ಬುದ್ಧಿ ಬರಲು ಮದುವೆಯಾಗಬೇಕಿತ್ತೇನೋ.

ಗಂಟೆ ಹೊಡೆದ ಹಾಗೆ ಎಂದಿದ್ದೀಯ. ನನ್ನ ನೆನಪಿನಲ್ಲಿ ಅದು ಗಂಟೆಯ ಹಾಗಿರಲಿಲ್ಲ. ಇರಲಿ, ನಿನ್ನದು ಎಳೆಯ ಕಿವಿ. ನೀನು ಹೇಳಿದ ಮೇಲೆ ಸರಿಯೇ.

ಇಷ್ಟು ಶ್ರದ್ಧೆಯಿಂದ ಕೇಳುವವರನ್ನು ಪರೀಕ್ಷೆಯಿಲ್ಲದೆ ಬಿಡುವುದು ತಪ್ಪು. ಪ್ರತಿ ಪಾಠದ ಕೊನೆಗೂ ಒಂದು ಪ್ರಶ್ನೆ ರೆಕಾರ್ಡ್ ಮಾಡಿ ಕಳಿಸುತ್ತಿದ್ದೇನೆ, ಜೊತೆಗೆ ನನ್ನ ಅಂಚೆ ವಿಳಾಸವನ್ನೂ ಹೇಳಿದ್ದೇನೆ. ಅಂಟಿಸು. ಉತ್ತರ ಬರೆದವರಿಗೆ ನಾನೇ ಅಂಕ ಹಾಕಿ ಕಳಿಸುತ್ತೇನೆ.

ಅತ್ತೆ


ಮಾರ್ಚ್ 22

ಅತ್ತೆಯವರಿಗೆ ನಮಸ್ಕಾರ.

ಪ್ರಶ್ನೆಗಳನ್ನು ಅಂಟಿಸಿದ್ದೇನೆ. ಇದುವರೆಗೆ ಯಾರೂ ಉತ್ತರ ಬರೆದ ಹಾಗೆ ಕಾಣುವುದಿಲ್ಲ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರಬಹುದು. ಪಾಠದ ಕೊನೆಯ ಹೊತ್ತಿಗೆ ಅವರೆಲ್ಲ ಒಂದು ರೀತಿಯ ಆಳಕ್ಕೆ ಇಳಿದಿರುತ್ತಾರೆ, ತಕ್ಷಣ ಪೆನ್ನು ಹಿಡಿಯುವುದು ಕಷ್ಟ.

ಕೇಳುಗರು ಮಾತ್ರ ದಿನೇ ದಿನೇ ಹೆಚ್ಚುತ್ತಿದ್ದಾರೆ. ಬ್ಯಾಂಕಿನ ಅಧಿಕಾರಿಯೊಬ್ಬರು ಬರೆದಿದ್ದಾರೆ: 'ನಿಮ್ಮ ದನಿ ಕೇಳುತ್ತಿದ್ದರೆ ಕಣ್ಣು ತುಂಬಿ ಬರುತ್ತೆ.'

ಸ್ಟುಡಿಯೋದಲ್ಲಿ ಕೆಲಸ ಜಾಸ್ತಿ, ಅದಕ್ಕೇ ಈ ಪತ್ರ ಗಿಡ್ಡವಾಯಿತು. ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಸೊಸೆ


ಏಪ್ರಿಲ್ 8

ಸೊಸೆಗೆ,

ಮೊದಲ ಉತ್ತರ ಬಂದಿದೆ, ಪೋಸ್ಟ್ ಕಾರ್ಡಿನಲ್ಲಿ. ಉತ್ತರ ಸರಿಯಾಗಿದೆ, ಪೂರ್ತಿ ಅಂಕ ಕೊಟ್ಟೆ. ಬರೆದವನು ಲಿಫ್ಟ್ ರಿಪೇರಿಯವನು, ನಿಮ್ಮ ಊರಿನವನೇ. ಕೆಳಗೆ ಇನ್ನೆರಡು ಸಾಲು ಬರೆದಿದ್ದಾನೆ. ಹಾಗೇ ಇಳಿಸುತ್ತೇನೆ.

'ಮೇಡಂ, ಮೂರನೇ ಪಾಠದಲ್ಲಿ "ಈಗ ಕೇಳಿ" ಅಂತೀರ. ಕೇಳಿದೆ. ಏನೂ ಇಲ್ಲ. ನನ್ನ ಜೊತೆ ಕೆಲಸ ಮಾಡೋರೂ ಕೇಳಿದ್ರು. ನೀವು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ "ಕೇಳಿಸಿತಲ್ಲ? ಈ ಸದ್ದು ಬಂದರೆ ಲಿಫ್ಟ್ ನಿಲ್ಲಿಸಿ" ಅಂತೀರ. ಯಾವ ಸದ್ದು ಅಂತ ದಯವಿಟ್ಟು ತಿಳಿಸಿ. ತಪ್ಪಾಗಿದ್ದರೆ ಕ್ಷಮೆ ಇರಲಿ.'

ಅವನಿಗೆ ಏನು ಬರೆಯಲಿ? ಬೇಗ ತಿಳಿಸು.

ಅತ್ತೆ


ಏಪ್ರಿಲ್ 20

ಸೊಸೆಗೆ,

ನಿನ್ನಿಂದ ಉತ್ತರವಿಲ್ಲ. ಕೆಲಸ ಜಾಸ್ತಿ ಇರಬಹುದು.

ಆ ಸದ್ದಿನ ಕಥೆ ನಿನಗೆ ಗೊತ್ತಿಲ್ಲ. ನಿನ್ನ ಗಂಡನಿಗೂ ಹೇಳಿಲ್ಲ. ನಾನು ಕೆಲಸದಲ್ಲಿದ್ದಾಗ ದೊಡ್ಡ ಬಟ್ಟೆ ಅಂಗಡಿಯೊಂದರ ಲಿಫ್ಟ್ ತಪಾಸಣೆಗೆ ಹೋಗಿದ್ದೆ. ಹಗ್ಗ ಸರಿಯಿತ್ತು, ಬ್ರೇಕು ಸರಿಯಿತ್ತು. ಮೇಲೆ ಯಂತ್ರದ ಕೋಣೆಯಲ್ಲಿ ನಿಂತಾಗ ಈ ಸದ್ದು ಕೇಳಿಸಿತು, ಸೊಳ್ಳೆಯ ಕಿವಿಯಲ್ಲಿ ಇನ್ನೊಂದು ಸೊಳ್ಳೆ ಅತ್ತ ಹಾಗೆ. ಲಿಫ್ಟಿಗೆ ಬೀಗ ಜಡಿಸಿದೆ. ಅಂಗಡಿಯವನು ಕೂಗಾಡಿದ. ನನ್ನ ಮೇಲಿನವರು ನಾಲ್ಕು ಜನ ಬಂದು ಕೇಳಿದರು. ಎಲ್ಲರೂ ವಯಸ್ಸಾದವರು, ಒಬ್ಬರಿಗೂ ಕೇಳಿಸಲಿಲ್ಲ. 'ಆ ಸದ್ದು ಲಿಫ್ಟಲ್ಲಿಲ್ಲಮ್ಮ, ನಿಮ್ಮ ತಲೇಲಿದೆ' ಎಂದರು. ಇಲಾಖೆಯ ರೆಕಾರ್ಡರ್ ತಂದು ಸದ್ದನ್ನು ಹಿಡಿದಿಟ್ಟುಕೊಂಡೆ. ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಅಂಗಡಿಯವನು ಹಟಕ್ಕೆ ಬಿದ್ದು ಹಳೆಯ ಲಿಫ್ಟನ್ನೇ ಕಿತ್ತು ಗುಜರಿಗೆ ಹಾಕಿ ಹೊಸದು ತಂದ. ಆ ಬೇರಿಂಗನ್ನು ಬಿಚ್ಚಿ ನೋಡಿದವರು ಯಾರೂ ಇಲ್ಲ. ನನಗೆ 'ಬ್ರೇಕಮ್ಮ' ಎಂಬ ಹೆಸರು ಉಳಿಯಿತು, ಅಷ್ಟೇ. ಎದುರಿಗೆ ಯಾರೂ ಕರೆಯಲಿಲ್ಲ. ಬೆನ್ನ ಹಿಂದೆ ಎಲ್ಲರೂ ಕರೆದರು.

ಮೂರನೇ ಪಾಠಕ್ಕೆ ಸೇರಿಸಿದ ಆ ರೆಕಾರ್ಡಿಂಗ್ ಒಂದೇ ನನಗಿದ್ದ ಸಾಕ್ಷಿ. ಅದರಲ್ಲಿಯೂ ಏನೂ ಇಲ್ಲ ಎಂದಾದರೆ ಅವರು ಹೇಳಿದ್ದೇ ನಿಜವಾಗಬಹುದು. ನೀನು ನನ್ನ ಸಮಾಧಾನಕ್ಕಾಗಿ ಕೇಳಿಸುತ್ತದೆ ಎಂದು ಬರೆದಿದ್ದರೆ ಅದನ್ನೂ ಹೇಳಿಬಿಡು. ನಾನೇನೂ ಅಂದುಕೊಳ್ಳುವುದಿಲ್ಲ.

ಅತ್ತೆ


ಏಪ್ರಿಲ್ 24

ಅತ್ತೆ,

ಸದ್ದು ಇದೆ. ಇದೆ, ಇದೆ, ಇದೆ. ಮೊದಲು ಇದನ್ನು ಓದಿ ನೀರು ಕುಡಿದು ಆಮೇಲೆ ಮುಂದಕ್ಕೆ ಓದಿ.

ನಿಮ್ಮ ಏಪ್ರಿಲ್ ಎಂಟರ ಪತ್ರ ಬಂದಾಗಲೇ ನನಗೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ಉತ್ತರ ಬರೆಯಲು ಧೈರ್ಯ ಬರಲಿಲ್ಲ. ಎರಡನೆಯ ಪತ್ರ ಓದಿದ ಕೂಡಲೇ ಸ್ಟುಡಿಯೋಗೆ ಹೋಗಿ ನಿಮ್ಮ ಡಿಸ್ಕಿನ ಮೂಲ ಫೈಲನ್ನು ತೆರೆದೆ. ದೊಡ್ಡ ಸ್ಪೀಕರಿನಲ್ಲಿ ಹಾಕಿದೆ, ಬಾಗಿಲು ಮುಚ್ಚಲು ಮರೆತೆ. 'ಈಗ ಕೇಳಿ' ಎಂದಿರಿ. ಅತ್ತೆ, ನನ್ನ ಹಲ್ಲುಗಳೆಲ್ಲ ಒಮ್ಮೆಗೇ ಜುಮ್ಮೆಂದವು! ಪಕ್ಕದ ಕೋಣೆಯಲ್ಲಿ ಪ್ರೇಮಕಥೆ ಓದುತ್ತಿದ್ದ ನಮ್ಮ ಕಲಾವಿದೆ ಹೆಡ್‌ಫೋನ್ ಕಿತ್ತುಕೊಂಡು ಹೊರಗೆ ಬಂದಳು. 'ಯಾರ್ರೀ ಅದು ಗಾಜಿನ ಮೇಲೆ ಉಗುರು ಎಳೀತಿರೋದು? ನಾನಿಲ್ಲಿ ಮುತ್ತು ಕೊಡೋ ಜಾಗಕ್ಕೆ ಬಂದಿದ್ದೆ!' ಎಂದಳು. ನಿಮ್ಮ ತಲೆಯಲ್ಲಿದ್ದ ಸದ್ದು ಅವಳಿಗೆ ಹೇಗೆ ಕೇಳಿಸಬೇಕು?

ಅದನ್ನು ತೆಗೆದದ್ದು ನಾನು. ಜಾಗ ಉಳಿಸಲು ಜೋರಾಗಿ ಹಿಂಡಿದೆನಲ್ಲ, ಆಗ ಮಾತಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಅದಕ್ಕಿಂತ ಮೇಲಿನ ಕೀರಲು ಸದ್ದನ್ನೆಲ್ಲ ಸಾಫ್ಟ್‌ವೇರ್ ಗುಡಿಸಿಹಾಕಿತು. ನಿಮ್ಮ ದನಿಯ ಚೂಪು ಹೋದದ್ದೂ ಅದರಿಂದಲೇ. ಗಂಟೆ ಹೊಡೆದ ಹಾಗೆ ಎಂದು ಬರೆದಾಗ ನಾನು ಕೇಳಿಯೇ ಇರಲಿಲ್ಲ. ಕೆಲಸದ ನಡುವೆ ಕೂತು ಬರೆದ ಸುಳ್ಳು ಅದು.

ಇನ್ನೊಂದು ಇದೆ. ನಿಮ್ಮ ಪಾಠಗಳನ್ನು ಆ ಜಾಲತಾಣದವರು ತಾವಾಗಿಯೇ 'ನಿದ್ದೆ ಮತ್ತು ವಿಶ್ರಾಂತಿ' ಎಂಬ ವಿಭಾಗದಲ್ಲಿ ಇಟ್ಟಿದ್ದಾರೆ. ಜನ ನಿಮ್ಮನ್ನು ಕೇಳುವುದು ನಿದ್ದೆ ಮಾಡಲು. ಕೊನೆಯವರೆಗೂ ನಿಲ್ಲಿಸದಿದ್ದದ್ದು ಮಲಗಿಬಿಟ್ಟಿದ್ದರಿಂದ. ಬ್ಯಾಂಕಿನವರು ಬರೆದದ್ದು 'ಕಣ್ಣು ತುಂಬ ನಿದ್ದೆ ಬರುತ್ತೆ' ಎಂದು. ನಾನು ಒಂದು ಪದ ತೆಗೆದು ಉಳಿದದ್ದನ್ನು ಹೊಲಿದೆ. ನಿಮ್ಮ ಮಗ ಐದು ನಿಮಿಷಕ್ಕೇ ಗೊರಕೆ ಹೊಡೆಯುತ್ತಾರೆ.

ಬಯ್ಯಿರಿ. ಕಾದಿರುತ್ತೇನೆ.

ನಿಮ್ಮ ಸೊಸೆ


ಮೇ 16

ಸೊಸೆಗೆ,

ಬಯ್ಯಲೆಂದೇ ಕೂತೆ. ನಿನ್ನ ಪತ್ರದಲ್ಲಿ ನಿದ್ದೆ ಎಂದಿರುವಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಬ್ರೇಕು ಸವೆದ ಲಿಫ್ಟ್ ಎಂಟನೇ ಮಹಡಿಯಿಂದ ಕಳಚಿಕೊಳ್ಳುವುದನ್ನು ನಾನು ವಿವರಿಸುತ್ತಿದ್ದರೆ ಅವಳಿ ಮಕ್ಕಳು ಬೆರಳು ಚೀಪಿಕೊಂಡು ಮಲಗುತ್ತಿದ್ದವೇ! ಪಕ್ಕದ ಮನೆಯವರಿಗೆ ಈಗ ಏನೆಂದು ಹೇಳಲಿ? ಅವರು ದಿನಾ ಬಂದು 'ನಿಮ್ಮ ಕೇಳುಗರು ಹೇಗಿದ್ದಾರೆ?' ಎನ್ನುತ್ತಾರೆ. ನಿನ್ನೆ 'ಆರಾಮಾಗಿದ್ದಾರೆ' ಎಂದೆ. ಸುಳ್ಳು ಹೇಳಿದ ಹಾಗಾಗಲಿಲ್ಲ.

ಹೀಗೆ ಎರಡು ಹಾಳೆ ಬರೆದು ಹರಿದುಹಾಕಿದೆ. ಬಯ್ಯುವವಳು ಮೊದಲು ತನ್ನ ಕಡೆಯದನ್ನು ಹೇಳಬೇಕು.

ನನಗೂ ಆ ಸದ್ದು ಕೇಳಿಸುವುದಿಲ್ಲ. ನಿನ್ನ ಫೈಲಿನಲ್ಲಷ್ಟೇ ಅಲ್ಲ, ನನ್ನದರಲ್ಲೂ. ಪಾಠ ರೆಕಾರ್ಡ್ ಮಾಡುವಾಗಲೇ ಕೇಳಿಸಲಿಲ್ಲ. ಹಳೆಯ ಸದ್ದನ್ನು ಪಾಠದೊಳಗೆ ಸೇರಿಸಿ, ಇಷ್ಟು ಹೊತ್ತು ಇರುತ್ತದೆ ಎಂದು ಗಡಿಯಾರ ನೋಡಿಕೊಂಡು 'ಕೇಳಿಸಿತಲ್ಲ?' ಎಂದೆ. ಯಾವಾಗಿನಿಂದ ಹೀಗೋ ತಿಳಿಯದು. ನಮ್ಮ ಬೀದಿಯ ಜೀರುಂಡೆಗಳೆಲ್ಲ ಎಲ್ಲಿಗೋ ಗುಳೆ ಹೋದವೆಂದು ನಂಬಿದ್ದೆ. ಮೊನ್ನೆ ಪಕ್ಕದ ಮನೆಯವರು 'ಈ ಜೀರುಂಡೆ ಕಾಟ ತಡೆಯೋಕಾಗಲ್ಲ' ಎಂದಾಗ ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಸರಿಯಾಗಿ ಕೇಳಿಸುತ್ತದೆಯೇ ಎಂದು ನಿನ್ನನ್ನು ಕೇಳಿದ್ದು ತಪಾಸಣೆಗಲ್ಲ. ನನಗೆ ತಿಳಿಯಬೇಕಿತ್ತು, ಬೇರೆ ದಾರಿ ಇರಲಿಲ್ಲ. ನೀನು ಗಂಟೆ ಎಂದಾಗ ಅನುಮಾನ ಬಂತು, ಆದರೂ ಸಮಾಧಾನವಾಯಿತು. ಸುಳ್ಳೇ ಆದರೂ ಎರಡು ತಿಂಗಳು ಚೆನ್ನಾಗಿ ಕಳೆದೆ. ಈಗ ನಿನ್ನ ಕಲಾವಿದೆ ಮುತ್ತು ನಿಲ್ಲಿಸಿ ಹೊರಗೆ ಬಂದಳು ಎಂದು ಓದಿದ ಮೇಲೆ ಅದಕ್ಕಿಂತ ಚೆನ್ನಾಗಿದೆ. ಆ ಹುಡುಗಿಗೆ ನನ್ನ ಕೃತಜ್ಞತೆ ತಿಳಿಸು. ಅವಳ ಕಥೆ ಮುಂದುವರಿಯಿತು ತಾನೇ?

ಮೂರನೇ ಪಾಠವನ್ನು ಮತ್ತೆ ಮಾಡು. ಎಷ್ಟು ಜಾಗ ಹಿಡಿದರೂ ಸರಿ, ಸದ್ದು ಇರಬೇಕು. ಮಲಗುವವರಿಗೆ ಮುಂಚಿತವಾಗಿ ಹೇಳಬೇಕೇ ಎಂದು ಕೇಳಬೇಡ. ಲಿಫ್ಟ್ ಯಾರಿಗೂ ಹೇಳಿ ಬೀಳುವುದಿಲ್ಲ.

ಅತ್ತೆ


ಜೂನ್ 5

ಅತ್ತೆ,

ಹಾಕಿದೆ. ಈ ಸಲ ಸ್ವಲ್ಪವೇ ಹಿಂಡಿ, ಆ ಸದ್ದು ಹಾಗೇ ಉಳಿಯುವಂತೆ ನೋಡಿಕೊಂಡು, ಕಿವಿಯಾರೆ ಕೇಳಿ, ಆಮೇಲೆ ಹಾಕಿದೆ. ಮರುದಿನ ಬಂದ ಅಭಿಪ್ರಾಯಗಳನ್ನು ಒಂದಕ್ಷರವೂ ತೆಗೆಯದೆ ಕಳಿಸುತ್ತಿದ್ದೇನೆ.

'ರೀ ಅಮ್ಮಾ, ನಾವು ನಿಮಗೇನ್ರೀ ಮಾಡಿದ್ವಿ?'

'ಮಂಚದಿಂದ ಬಿದ್ದೆ. ಮಂಚ ಎತ್ತರ ಇಲ್ಲದ್ದು ಪುಣ್ಯ.'

'ನಮ್ಮ ನಾಯಿ ಮನೆ ಬಿಟ್ಟು ಓಡಿಹೋಯ್ತು. ಬೆಳಿಗ್ಗೆ ವಾಪಸ್ ಬಂತು, ಆದರೆ ನನ್ನ ಮುಖ ನೋಡ್ತಿಲ್ಲ.'

'ಅವಳಿಗಳು ಎದ್ದಿವೆ. ಬಂದು ನೀವೇ ಮಲಗಿಸಿ.' ಇವರಿಗೆ ನಿಮ್ಮ ವಿಳಾಸ ಗೊತ್ತಿದೆ ಅತ್ತೆ, ಸ್ವಲ್ಪ ಹುಷಾರು.

ನಿಮ್ಮ ಮಗ ಹಾಸಿಗೆಯಲ್ಲಿ ನೆಟ್ಟಗೆ ಎದ್ದು ಕೂತು, ಕಣ್ಣು ಮುಚ್ಚಿಕೊಂಡೇ, 'ಎದ್ದೆ ಅಮ್ಮಾ, ಎದ್ದೆ, ಹಲ್ಲುಜ್ಜಿದೆ' ಎಂದರು. ಅವರು ಮೂರು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಕೇಳುಗರು ಅರ್ಧಕ್ಕರ್ಧ ಬಿಟ್ಟುಹೋದರು. ರಿಪೇರಿಯವರು ಮಾತ್ರ 'ಈಗ ಬಂತು ಮೇಡಂ!' ಎಂದು ಫೋನ್ ನಂಬರ್ ಸಮೇತ ಬರೆದಿದ್ದಾರೆ.

ಇನ್ನೊಬ್ಬಾಕೆ ಬರೆದಿದ್ದಾರೆ. ನಮ್ಮ ಊರಿನವರೇ, ಏಳನೇ ಮಹಡಿಯ ಮನೆಯಲ್ಲಿ ಬಟ್ಟೆ ಹೊಲಿಯುವವರು. ಅವರಿಗೂ ನಿದ್ದೆ ಕೆಟ್ಟಿತಂತೆ. ಬೆಳಿಗ್ಗೆ ನಿಮಗೆ ಶಾಪ ಹಾಕುತ್ತಾ ತಮ್ಮ ಲಿಫ್ಟ್ ಹತ್ತಿದರೆ ಅದೇ ಸದ್ದು ಕೇಳಿಸಿತಂತೆ! ಫೋನಿನಲ್ಲಿ ಹಿಡಿದು ಮೆಸೇಜ್ ಮಾಡಿದ್ದಾರೆ. ನಾನು ಎರಡು ಸಲ ಕೇಳಿದೆ, ಏನೂ ಇಲ್ಲ. ರಾತ್ರಿ ಕೇಳಿದ್ದು ಕಿವಿಯಲ್ಲೇ ಉಳಿದಿರಬೇಕು ಪಾಪ. ಹಾಗೇ ಬರೆದು ಸಮಾಧಾನ ಮಾಡಿದ್ದೇನೆ.

ನಿಮ್ಮ ಸೊಸೆ


ಜೂನ್ 8

ಅತ್ತೆ,

ಹಿಂದಿನ ಪತ್ರವನ್ನು ಅಂಚೆಗೆ ಹಾಕಿ ಬಸ್ಸಿನಲ್ಲಿ ಕೂತಿದ್ದೆ. ಎರಡು ನಿಲ್ದಾಣ ದಾಟಿದ ಮೇಲೆ ಹೊಳೆಯಿತು: ಮೆಸೇಜಿನಲ್ಲಿ ಬರುವುದೂ ಹಿಂಡಿದ್ದೇ! ನನ್ನ ಸಾಫ್ಟ್‌ವೇರ್ ಗುಡಿಸಿಹಾಕಿದ್ದನ್ನೇ ಅದೂ ಗುಡಿಸಿರುತ್ತದೆ. ನಿಮ್ಮ ಮೇಲಿನವರು ನಿಮಗೆ ಹೇಳಿದ ಮಾತನ್ನೇ ನಾನು ಆ ದರ್ಜಿಯಾಕೆಗೆ ಬರೆದಿದ್ದೆ. ಅಲ್ಲೇ ಇಳಿದು ಅವರ ವಿಳಾಸ ಕೇಳಿಕೊಂಡು ಹೋದೆ.

ಹಳೆಯ ಕಟ್ಟಡ. ಕೆಳಗೆ ಸೈಕಲ್ಲುಗಳು, ಗೋಡೆಗೆ ಅಂಚೆ ಪೆಟ್ಟಿಗೆಗಳು, ಒಂದೇ ಲಿಫ್ಟ್. ದರ್ಜಿಯಾಕೆ ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಇಳಿದು ಬಂದರು. ನಾವಿಬ್ಬರೂ ಒಳಗೆ ನಿಂತು ಗುಂಡಿ ಒತ್ತಿದೆವು. ಎರಡನೇ ಮಹಡಿ ದಾಟುವಷ್ಟರಲ್ಲಿ ನನ್ನ ಹಲ್ಲು ಜುಮ್ಮೆಂದಿತು. ಮೂರನೇ ಮಹಡಿಯಲ್ಲಿ ಇಳಿದು, ಮೆಟ್ಟಿಲ ಮೇಲೆ ಓಡಿಕೊಂಡು ಕೆಳಗೆ ಬಂದೆವು.

ಅಷ್ಟರಲ್ಲಿ ಯಾರೋ ಲಿಫ್ಟನ್ನು ಕೆಳಗೆ ಕರೆಸಿದ್ದರು. ಒಬ್ಬ ಅಜ್ಜ ತರಕಾರಿ ಚೀಲ ಹಿಡಿದು, ಗಂಡ ಹೆಂಡತಿ ಹಾಸಿಗೆ ಹೊತ್ತುಕೊಂಡು ಒಳಗೆ ನುಗ್ಗುತ್ತಿದ್ದರು. ನನಗೆ ಬೇರೇನೂ ತೋಚಲಿಲ್ಲ. ಎಲ್ಲರನ್ನೂ ಹೊರಗೆ ಎಳೆದು, ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತೆ. ಬಾಗಿಲು ಮುಚ್ಚಿದರೆ ತಾನೇ ಲಿಫ್ಟ್ ಏಳುವುದು? ಅದು ಬಂದು ಬಂದು ನನ್ನ ಕಾಲಿಗೆ ಗುದ್ದಿ ಹೋಗುತ್ತಿತ್ತು. ಕಟ್ಟಡದ ಕಾರ್ಯದರ್ಶಿಗಳು ಚಪ್ಪಲಿ ಎಳೆದುಕೊಂಡು ಬಂದರು, ಅರವತ್ತು ದಾಟಿದವರು.

'ಏನ್ರೀ ಇದು, ಯಾರ್ರೀ ನೀವು?'

'ಈ ಲಿಫ್ಟಲ್ಲಿ ಒಂದು ಸದ್ದು ಬರ್ತಿದೆ ಸಾರ್. ಯಾರೂ ಹತ್ತಬಾರದು.'

'ನನಗೇನೂ ಕೇಳಿಸ್ತಿಲ್ವಲ್ಲ!'

'ನಿಮಗೆ ಕೇಳಿಸಲ್ಲ ಸಾರ್. ಅದಕ್ಕೇ ನಾನು ಬಂದಿದ್ದು.'

ಅವರು ಕಾವಲುಗಾರನನ್ನು ಕರೆಯಲು ತಿರುಗಿದರು. ದರ್ಜಿಯಾಕೆ ತಡೆದು, 'ಸಾರ್, ಇವರು ಆ ಲಿಫ್ಟ್ ಪಾಠ ಹೇಳೋ ಅಮ್ಮನ ಸೊಸೆ' ಎಂದರು. ಕಾರ್ಯದರ್ಶಿಗಳ ಮುಖವೇ ಬದಲಾಯಿತು. 'ಯಾವುದು, "ಹತ್ತುವ ಮುನ್ನ"? ಅಯ್ಯೋ, ನಾನು ದಿನಾ ಅದನ್ನ ಹಾಕ್ಕೊಂಡೇ ಮಲಗೋದು! ಮೊನ್ನೆ ನಮ್ಮ ಮನೆಯವಳು ಮಧ್ಯರಾತ್ರಿ ಎದ್ದು ಕಿರುಚಿಕೊಂಡಳು, ನನಗೆ ಯಾಕೆ ಅಂತಲೇ ಗೊತ್ತಾಗಲಿಲ್ಲ. ಆ ಅಮ್ಮ ಹೇಳಿದ ಸದ್ದೇನಾ ಇದು?' ಹೌದೆಂದೆ. ಅವರು ಸ್ವತಃ ಒಂದು ಕುರ್ಚಿ ತಂದು ಲಿಫ್ಟಿನ ಮುಂದೆ ಹಾಕಿಕೊಂಡು ಕೂತುಬಿಟ್ಟರು. ಅಜ್ಜನ ತರಕಾರಿಯನ್ನು ಹಾಸಿಗೆಯವರು ಹೊತ್ತರು, ಹಾಸಿಗೆ ಅಲ್ಲೇ ಉಳಿಯಿತು.

ನಿಮ್ಮ ಪೂರ್ತಿ ಅಂಕದ ರಿಪೇರಿಯವರಿಗೆ ಫೋನ್ ಮಾಡಿದೆ. ಅವರು ಬರುವವರೆಗೂ ನಾನು ಕಾಲು ತೆಗೆಯಲಿಲ್ಲ. ಅವರು ಮೇಲಿನ ಕೋಣೆಗೆ ಹೋಗಿ ರಾಟೆ ಬಿಚ್ಚಿ, ಅಂಗೈಯಲ್ಲಿ ಏನನ್ನೋ ಹಿಡಿದು ಇಳಿದು ಬಂದರು. ಬೇರಿಂಗ್ ಎಂದರು. ನನಗೆ ಅದು ತುಕ್ಕಿನ ಬಣ್ಣದ ಹಿಟ್ಟಿನ ಹಾಗೆ ಕಂಡಿತು. 'ಇನ್ನೊಂದು ವಾರ ತಡೀತಿತ್ತು ಅಂತ ಹೇಳೋಕಾಗಲ್ಲ ಮೇಡಂ, ರಾಟೆ ಇವತ್ತೇ ಹಿಡ್ಕೊಂಡುಬಿಡ್ತಿತ್ತು. ನಿಮ್ಮತ್ತೆ ಪಾಠದಲ್ಲಿರೋದು ಇದೇ ಸದ್ದು, ಅಚ್ಚು ಇದೇ' ಎಂದರು. ಇಡೀ ಕಟ್ಟಡ ಮೆಟ್ಟಿಲ ಮೇಲೆ ನಿಂತು ನೋಡುತ್ತಿತ್ತು.

ನಿಮ್ಮ ಆ ಬಟ್ಟೆ ಅಂಗಡಿಯ ಬೇರಿಂಗನ್ನು ಯಾರೂ ಬಿಚ್ಚಿ ನೋಡಲಿಲ್ಲ ಎಂದಿದ್ದಿರಲ್ಲ. ನಾನು ಇದನ್ನು ನೋಡಿದೆ ಅತ್ತೆ. ಹೇಳಲೇಬೇಕು ಅನ್ನಿಸಿತು.

ನಿಮ್ಮ ಸೊಸೆ


ಜುಲೈ 1

ಲಿಫ್ಟ್ ನಿಲ್ಲಿಸಿದವಳಿಗೆ,

ನಿನ್ನ ಪತ್ರ ಬಂದ ದಿನ ನನಗೆ ಊಟ ಸೇರಲಿಲ್ಲ. ಖುಷಿಗೂ ಹಾಗಾಗುತ್ತದೆ ಎಂದು ಗೊತ್ತಿರಲಿಲ್ಲ. ನನ್ನ ಮೇಲಿನವರಲ್ಲಿ ಇನ್ನೂ ಇರುವವರು ಒಬ್ಬರೇ. ಅವರ ಮನೆಗೆ ಹೋಗಿ ನಿನ್ನ ಪತ್ರವನ್ನು ಜೋರಾಗಿ ಓದಿದೆ. ಪೂರ್ತಿ ಕೇಳಿ 'ಹಾಂ? ಏನಂದ್ರಿ?' ಎಂದರು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಇನ್ನೊಮ್ಮೆ ಓದಿದೆ. ಆಗ, 'ಆ ಬಟ್ಟೆ ಅಂಗಡಿ ಲಿಫ್ಟಲ್ಲಿ ನಮ್ಮ ಮನೆಯವಳೂ ವಾರಕ್ಕೊಂದು ಸಲ ಹತ್ತಿ ಇಳೀತಿದ್ದಳು' ಎಂದರು. ಹೊರಡುವಾಗ ಗೇಟಿನ ತನಕ ಬಂದು ಕಳಿಸಿದರು. ನನಗೆ ಅಷ್ಟು ಸಾಕು.

ಕಿವಿ ಪರೀಕ್ಷೆ ಮಾಡಿಸಿಕೊಂಡೆ. ಡಾಕ್ಟರು ಸಣ್ಣದೊಂದು ಯಂತ್ರ ಕೊಟ್ಟಿದ್ದಾರೆ. ಪಕ್ಕದ ಮನೆಯವರು ಇಷ್ಟು ಮಾತಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಆದರೆ ಆ ಕೀರಲು ಸದ್ದು ಇನ್ನು ಮರಳಿ ಬರುವುದಿಲ್ಲವಂತೆ. ಇರಲಿ, ಅದನ್ನು ಕೇಳಲು ಜನ ಸಿಕ್ಕಿದ್ದಾರೆ.

ಬಸ್ ಚಾಲಕ ಇನ್ನೊಂದು ಅಭಿಪ್ರಾಯ ಬರೆದಿದ್ದಾನೆಂದು ನನ್ನ ಮಗ ಫೋನಿನಲ್ಲಿ ಹೇಳಿದ. ನಿದ್ದೆ ಹೋಗಿದೆ, ಬಸ್ ಓಡಿಸುವುದು ಕಷ್ಟವಾಗಿದೆ ಎಂದು ಬರೆದಿದ್ದಾನಂತೆ. ಲಿಫ್ಟ್ ಉಳಿಸಲು ಹೋಗಿ ಬಸ್ ಬೀಳಿಸುವುದು ಸರಿಯಲ್ಲ. ಹಿಂಡಿದ್ದನ್ನೂ ಒಂದು ಕಡೆ ಇಡು. ಅದರ ಮೇಲೆ 'ಮಲಗುವವರಿಗೆ' ಎಂದು ಬರೆ. ಇನ್ನೊಂದರ ಮೇಲೆ 'ಹತ್ತುವವರಿಗೆ' ಎಂದು ಬರೆ. ಅವಳಿಗಳ ತಾಯಿಗೆ ನಾನೇ ಒಂದು ಸಾಲು ಬರೆದು ಕ್ಷಮೆ ಕೇಳಿದ್ದೇನೆ.

ಇನ್ನು ನಿನ್ನ ವಿಷಯ. ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಹಳೆಯ ಲಿಫ್ಟುಗಳು ಬಾಗಿಲು ತೆರೆದಿದ್ದಾಗಲೂ ಎದ್ದುಬಿಡುತ್ತವೆ. ಹಾಗಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆಮೇಲೆ ಆಸ್ಪತ್ರೆಗೂ ಹೋಗಿ ನೋಡಿದ್ದೇನೆ. ಒಳಗೆ ಕೆಂಪು ಗುಂಡಿ ಇರುತ್ತದೆ, ಅದನ್ನು ಒತ್ತಿ ಹೊರಗೆ ಬಂದು ನಿಲ್ಲಬೇಕು. ಎಲ್ಲವೂ ಹನ್ನೊಂದನೇ ಪಾಠದಲ್ಲಿದೆ. ನೀನೇ ಹಿಂಡಿದ ಪಾಠ! ಇವತ್ತೇ ಕೂತು ಕೇಳು. ಕೂತು ಎಂದರೆ ಕುರ್ಚಿಯ ಮೇಲೆ, ಹಾಸಿಗೆಯ ಮೇಲಲ್ಲ. ಕೊನೆಯ ಪ್ರಶ್ನೆಗೆ ಉತ್ತರ ಬರೆದು ಕಳಿಸು, ಅಂಕ ಹಾಕುತ್ತೇನೆ.

ನನಗೆ ಎರಡೂ ಕಾಲಿರುವ ಸೊಸೆ ಬೇಕು.

ಅತ್ತೆ